ಹಳೆಯ ಕಂಪೈಲರಿನ ಅಕ್ಕ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯನಾದ ಮ್ಯಾನೇಜರು ಕೂಡ. ಗೌರವದಿಂದೇನಲ್ಲ. ಅವಳ ಸ್ವಂತ ತಂಗಿ ಅಲ್ಲೇ ಕೆಲಸಕ್ಕೆ ಸೇರಿದ ಮೇಲೆ ಅದೇ ಎಲ್ಲರ ಬಾಯಿಗೂ ಹತ್ತಿತು. ಆ ತಂಗಿಯನ್ನು ಅಲ್ಲಿಗೆ ಸೇರಿಸಿ, ಕೈಹಿಡಿದು ಕೆಲಸ ಕಲಿಸಿದ್ದೂ ಇವಳೇ.

ರಕ್ತ ಪರೀಕ್ಷೆಯ ಯಂತ್ರಗಳಿಗೆ ಪ್ರೋಗ್ರಾಮು ಬರೆಯುವ ಕಂಪನಿ ಅದು. ಯಂತ್ರಗಳಲ್ಲಿ ಹಳೆಯದು, ನಡುವಿನದು, ಹೊಸದು ಅಂತ ತಲೆಮಾರುಗಳು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಿ ಕೊಡುವ ಕಂಪೈಲರಿನಲ್ಲೂ ಒಂದೊಂದಕ್ಕೆ ಒಂದೊಂದು ವರ್ಷನ್. ಹಳೆಯ ಪ್ರೋಗ್ರಾಮನ್ನು ಹೊಸ ಕಂಪೈಲರಿಗೆ ಕೊಟ್ಟರೆ ಅದು ಗೊಣಗದೆ ನುಂಗಿಬಿಡುತ್ತದೆ. ಆದರೆ ಸೂಜಿ ಇಳಿಯುವವರೆಗೆ ಯಂತ್ರ ಕಾಯಲಿ ಎಂದು ಯಾವನೋ ಪುಣ್ಯಾತ್ಮ ಬರೆದಿಟ್ಟ ಸುಮ್ಮನೆ ಅಂಕೆ ಎಣಿಸುತ್ತ ಹೊತ್ತು ಕಳೆಯುವ ಸಾಲುಗಳನ್ನು ದಂಡವೆಂದು ಕಿತ್ತೆಸೆಯುತ್ತದೆ. ಸೂಜಿ ರಕ್ತ ಮುಟ್ಟುವ ಮೊದಲೇ ಯಂತ್ರ ಗಾಳಿ ಹೀರುತ್ತದೆ. ಈ ರಗಳೆಯೆಲ್ಲ ಗೊತ್ತಿದ್ದವಳು ಅಕ್ಕ ಒಬ್ಬಳೇ. ಹಾಗಾಗಿ ಪ್ರಿಂಟರಿನ ಪಕ್ಕದ ಮೂಲೆಯಲ್ಲಿ ಅವಳನ್ನು ಗೂಟಕ್ಕೆ ಕಟ್ಟಿದಂತೆ ಕೂರಿಸಿದ್ದರು.

ಅವಳಿಗೆ ಬೇಕಿದ್ದದ್ದು ಹೊಸ ಯಂತ್ರದ ತಂಡ. ತಂಗಿಯೇ ಅದರ ಮುಖ್ಯಸ್ಥೆ. ಕೇಳಿದಾಗಲೆಲ್ಲ ಮ್ಯಾನೇಜರು ಬೆಣ್ಣೆಯಂಥ ದನಿಯಲ್ಲಿ, "ನೀವು ಅಲ್ಲಿಗೆ ಹೋದ್ರೆ ಹಳೇದನ್ನ ಯಾರು ನೋಡ್ಕೋತಾರೆ ಅಕ್ಕ? ನೀವಿಲ್ದೇನೂ ಅದು ನಡೆಯೋ ಹಾಗೆ ಮಾಡಿ, ಆಮೇಲೆ ನೋಡೋಣ" ಎನ್ನುತ್ತಿದ್ದ.

ಮಾಡಿದಳು. ಒಂದೊಂದು ಕಂಪೈಲರನ್ನೂ ಒಂದರ ಸುದ್ದಿಗೆ ಇನ್ನೊಂದು ಹೋಗದಂತೆ ಬೇರೆ ಬೇರೆ ಇಟ್ಟು, ಯಾವ ಯಂತ್ರ ಎಂದು ಹೇಳಿದರೆ ಸಾಕು, ಸರಿಯಾದ ವರ್ಷನ್ನನ್ನು ತಾನೇ ಆರಿಸಿಕೊಳ್ಳುವ ಒಂದೇ ಒಂದು ಕಮಾಂಡು ಬರೆದಳು. ಎಲ್ಲರೆದುರು ತಂಗಿಯೇ ಆ ಕಮಾಂಡು ಕೊಟ್ಟಳು. ಹಳೆಯ ಯಂತ್ರದ ಸೂಜಿ ಇಳಿಯಿತು, ಕಾಯಿತು, ರಕ್ತ ಹೀರಿತು. ಚಪ್ಪಾಳೆಯೋ ಚಪ್ಪಾಳೆ. ಅಕ್ಕನ ಕಣ್ಣು ತುಂಬಿ ಬಂತು.

ಊಟದ ಹೊತ್ತಿಗೆ ಮ್ಯಾನೇಜರು ಒಳಗೆ ಕರೆದ. ತಂಗಿಯೂ ಇದ್ದಳು, ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು.

"ಇನ್ನು ಆ ಮೂಲೆಗೆ ಯಾರೂ ಬೇಕಾಗಿಲ್ಲ. ನಿಮ್ಮ ಕೆಲಸ ಈ ತಿಂಗಳಿಗೆ ಮುಗಿಸೋಣ ಅಕ್ಕ."

"ಹೊಸ ತಂಡ ಅಂದಿದ್ರಲ್ಲ?"

ಮ್ಯಾನೇಜರು ತಂಗಿಯ ಕಡೆ ನೋಡಿದ.

"ನಾನೇ ಬೇಡ ಅಂದೆ ಕಣೇ," ಎಂದಳು ತಂಗಿ. "ಹೊಸದೆಲ್ಲ ನಿನಗೆ ಕಷ್ಟ ಆಗುತ್ತೆ. ನಿನ್ನ ಒಳ್ಳೇದಕ್ಕೇ ಹೇಳಿದ್ದು."

ಅಕ್ಕ ಎದ್ದು ಬಾಗಿಲ ಕಡೆ ನಡೆದಳು. ಹೊರಗಿನವರು ಅಂದಿದ್ದರೆ ಸಹಿಸುತ್ತಿದ್ದಳು.

ಬಾಗಿಲ ಬಳಿ ತಂಗಿ ತಡೆದಳು. "ಅಕ್ಕ, ಮುಂದಿನ ಯಂತ್ರಕ್ಕೆ ಇನ್ನೊಂದು ಕಂಪೈಲರು ಬಂದಿದೆ. ಹೋಗೋ ಮೊದಲು ಅದನ್ನೂ ಸೇರಿಸಿಕೊಟ್ಟು ಹೋಗೇ. ನಮ್ಮ ತಂಡದಲ್ಲಿ ಯಾರಿಗೂ ಬರ್ತಿಲ್ಲ."

ಬೇಕೆಂದೇ ತಪ್ಪಾಗಿ ಸೇರಿಸಿಬಿಡೋಣ ಎಂದುಕೊಂಡೇ ಅವಳು ಕುರ್ಚಿಗೆ ಬಂದು ಕೂತದ್ದು. ಆದರೆ ಯಾವುದೋ ಊರಿನಲ್ಲಿ ಯಾರದೋ ತೋಳಿನ ರಕ್ತ ನೆನಪಾಯಿತು. ಸಂಜೆಯೊಳಗೆ ಸರಿಯಾಗಿಯೇ ಸೇರಿಸಿ, ಪರೀಕ್ಷಿಸಿ, ತಂಗಿಗೆ ಕಳಿಸಿದಳು.

"ಥ್ಯಾಂಕ್ಸ್" ಅಂತ ಬಂತು.