ನೀರು ಹೋಗುವ ದಾರಿ ಹಿಡಿದ ಮೇಸ್ತ್ರಿ

ನಮ್ಮ ಮೇಸ್ತ್ರಿ ಎಲ್ಲಿ ಕೂತರೂ ಇರುವೆಗಳು ಹುಡುಕಿಕೊಂಡು ಬರುತ್ತಿದ್ದವು. ಬೆಲ್ಲದ ಮೂಟೆ ಹೊತ್ತೂ ಹೊತ್ತೂ ಎಡಭುಜ ಬಲಕ್ಕಿಂತ ಎರಡು ಬೆರಳು ತಗ್ಗಿತ್ತು. ಅದರ ಮೇಲಿನ ಟವಲ್ಲಿಗೆ ಎಷ್ಟು ಒಗೆದರೂ ಬಿಡದ ಪಾಕದ ಕಂದು. ಆ ಬೆಳಿಗ್ಗೆ ಕಿರಂಗೂರಿನ ನಮ್ಮ ಗೋಡೌನಿನ ಅಂಗಳದಲ್ಲಿ ಇದ್ದವರು ನಾಲ್ಕೇ ಜನ. ಕುರ್ಚಿಯಲ್ಲಿ ಮಾಲೀಕರು, ಬ್ಯಾಟರಿಯ ಕರೆಂಟು ಗಾಡಿಗೆ ಒರಗಿ ನಿಂತ ನಾಗಮಂಗಲದ ಡ್ರೈವರಮ್ಮ, ಫೋನು ಹಿಡಿದ ನಾನು, ಮೂಟೆಯ ಮೇಲೆ ಲೋಡಿಂಗ್ ಮೇಸ್ತ್ರಿ. ಭುಜದ ಇರುವೆಗಳನ್ನು ಅವರು ಒಂದೊಂದಾಗಿ ಊದಿ ಇಳಿಸುತ್ತಿದ್ದರು.

"ಹೊರದೇಶದ ಗಿರಾಕಿಗಳು ಸುಂಕ ತೀರ್ಮಾನ ಆಗೋಗಂಟ ಬೆಲ್ಲ ಕಳಿಸ್ಬ್ಯಾಡಿ ಅಂದವ್ರೆ. ಆಲೆಮನೆಯೋರಿಗೆ ಮಾತು ಕೊಟ್ಟಿರೋ ಬೆಲ್ಲ ಮಾತ್ರ ತಂದಿಕ್ಕಬೇಕು" ಎಂದರು ಮಾಲೀಕರು. "ಅವ್ರು ಹೊಗೆ ಬ್ಯಾಡ ಅಂದ್ರು ಅಂತ ತಂದ ಗಾಡಿಗಳು ನೋಡುದ್ರೆ ದಾರೀಲಿ ಮಲಗ್ತವೆ. ಇನ್ನೊಂದ್ಸಲ ನಿಂತ್ರೆ ಎರಡನ್ನೂ ವಾಪಸ್ ಕಳಿಸಿ ಡೀಸೆಲ್ ಲಾರಿ ತರಿಸ್ತೀನಿ."

ಆ ಎರಡು ಗಾಡಿ ತರಿಸಿದವನು ನಾನು. ಕೆ.ಆರ್. ಪೇಟೆ ಕಡೆಯ ಆಲೆಮನೆಗಳಿಂದ ಹೊಗೆಯಿಲ್ಲದೆ ಬೆಲ್ಲ ತರುತ್ತೇವೆಂದು ಹೊರದೇಶದವರಿಗೆ ಮಾತು ಕೊಟ್ಟವನೂ ನಾನೇ. ಹಿಂದಿನ ದಿನ ಫೋನು ತೋರಿಸಿದ ಹತ್ತಿರದ ದಾರಿಯಲ್ಲಿ ಹೋಗಿ, ಏರಿನ ನಡುವೆ ಬ್ಯಾಟರಿ ಖಾಲಿಯಾಗಿ, ಬೆಲ್ಲದ ಸಮೇತ ಟ್ರಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಬಂದಿದ್ದೆವು. ಅವಮಾನವೆಂದರೆ ಅದು. 

"ಇವತ್ತು ನಾನೂ ಓಗ್ತೀನಿ" ಎಂದರು ಮೇಸ್ತ್ರಿ.

"ನೀವ್ಯಾಕೆ ಮೇಸ್ತ್ರಣ್ಣ? ತಳ್ಳಕ್ಕಾ?" ಎಂದಳು ಡ್ರೈವರಮ್ಮ.

"ತಳ್ಳಕ್ಕೆ ಇವ್ನು ಇದ್ದಾನಲ್ಲ" ಎಂದು ನನ್ನ ಕಡೆ ಗದ್ದ ಎತ್ತಿದರು.

ಹೊರಡುವ ಮೊದಲು ಅವರು ಗಾಡಿಯ ಹಿಂಬದಿಗೆ ಬಗ್ಗಿ ನೋಡಿದರು. "ಬರಿಗಾಡಿ ಓಡುಸ್ತೀಯೇನ್ಲಾ?" ಪ್ರಾಯದಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು ಅವರು. ಇಳಿಸಿ ಮನೆಗೆ ತಿರುಗುವಾಗ ದನಕ್ಕೆ ಒಂದು ಹೊರೆ ಕಬ್ಬಿನ ಸೋಗೆಯಾದರೂ ಹೇರದೆ ಎತ್ತು ಎಬ್ಬಿಸುತ್ತಿರಲಿಲ್ಲವಂತೆ. ಕೇಳಿದರೆ, "ಎತ್ತಿನ ಮರ್ವಾದೆ ಓಯ್ತದೆ" ಎನ್ನುತ್ತಿದ್ದರು. ಅಂದು ರಸ್ತೆಯ ಬೂಸಾ ಅಂಗಡಿಯವನನ್ನು ಕೂಗಿ, ಆಲೆಮನೆ ಕಡೆಯ ಹಳ್ಳಿಗಳ ಹಸು ಸಾಕುವ ಮನೆಗಳಿಗೆ ಹೋಗಬೇಕಾದ ಮೂಟೆಗಳನ್ನು ನಮ್ಮ ಗಾಡಿಗೆ ಹೇರಿಸಿದರು.

ಪಾಂಡವಪುರ ದಾಟಿದ ಮೇಲೆ ಫೋನು ಬಲಕ್ಕೆ ಎಂದಿತು. ಮೇಸ್ತ್ರಿ ಎಡಕ್ಕೆ ಎಂದರು. ನಾಲೆಯ ಏರಿಯ ಮೇಲಿನ ದಾರಿ ಅದು.

"ಸುತ್ತಾಗ್ತದೆ ಮೇಸ್ತ್ರಣ್ಣ" ಎಂದೆ.

"ಆಗ್ಲಿ. ಇದು ಲಾರಿ ಅಲ್ಲ ಕಣ್ಲಾ, ಎತ್ತು ಇದ್ದಂಗೆ. ಏರು ಕಂಡ್ರೆ ಉಸುರು ಬುಡ್ತದೆ. ನೀರು ಓಗೋ ದಾರೀಲಿ ಏರು ಇರಕಿಲ್ಲ. ಪಕ್ಕದಲ್ಲೇ ಓಗು."

ಆ ಪಯಣ ಇವತ್ತಿಗೂ ನನಗೆ ನಿದ್ದೆಯಲ್ಲಿ ಕಂಡಂತೆಯೇ ನೆನಪಿದೆ. ಗಾಡಿಗೆ ಸದ್ದಿಲ್ಲ. ನಾಲೆಯ ನೀರೂ ನಾವೂ ಒಂದೇ ಹದದಲ್ಲಿ ಜಾರುತ್ತಿದ್ದೆವು. ನೀರಲ್ಲಿ ಮೋಡ, ಮೋಡದೊಳಗೆ ನಮ್ಮ ಗಾಡಿಯ ನೆರಳು. ಬೆಳ್ಳಕ್ಕಿಗಳು ನಾವು ತೀರ ಹತ್ತಿರ ಬಂದ ಮೇಲೆ ಎದ್ದು, ಹಿಂದೆಯೇ ಇಳಿಯುತ್ತಿದ್ದವು. ಯಾವುದೋ ಆಲೆಮನೆಯ ಕುದಿಯುವ ಪಾಕದ ವಾಸನೆ ಗದ್ದೆಗಳ ಮೇಲೆ ಹಾಸಿಕೊಂಡಿತ್ತು. ಮೇಸ್ತ್ರಿ ಕಣ್ಣು ಮುಚ್ಚಿದ್ದರು. ಮಲಗಿದರೆಂದುಕೊಂಡರೆ, ತಿರುವು ಬರುವ ಮೊದಲೇ ಬೆರಳು ಎತ್ತುತ್ತಿದ್ದರು.

ಬೂಸಾ ಇಳಿಸಿ, ಬೆಲ್ಲ ಹೇರಿಕೊಂಡು ಸಂಜೆ ಗೋಡೌನಿಗೆ ಬಂದಾಗ ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ಮೇಸ್ತ್ರಿ ಇಳಿದವರೇ ಡ್ರೈವರಮ್ಮನನ್ನು ಕೇಳಿದರು: "ಎಷ್ಟು ಉಸುರು ಉಳ್ದದೆ ಕಣವ್ವ?"

"ಬ್ಯಾಟರಿ ಇನ್ನೂ ಕಾಲು ಪಾಲು ಅದೆ."

ಮಾಲೀಕರು ಬೆಲ್ಲದ ಮೂಟೆಗಳನ್ನು ಎಣಿಸಿ ಒಳಗೆ ಹಾಕಿಸಿದರು. ಡೀಸೆಲ್ ಲಾರಿಯ ಮಾತು ಆಮೇಲೆ ಬರಲಿಲ್ಲ.

ಆ ದಾರಿಯನ್ನು ನಾನು ಫೋನಿನಲ್ಲಿ ಗುರುತು ಹಾಕಿದೆ. ಮೇಸ್ತ್ರಿಗೆ ಫೋನಿನ ಮೇಲೇನೂ ಸಿಟ್ಟಿರಲಿಲ್ಲ. "ಅದು ಯಾವತ್ತೂ ಗಾಡಿ ಓಡ್ಸಿಲ್ಲ, ಪಾಪ. ನಾವೇ ಏಳ್ಕೊಡ್ಬೇಕು" ಎಂದು ಪಕ್ಕದಲ್ಲಿ ಕೂತು, ಎಲ್ಲಿ ಮರಳು, ಎಲ್ಲಿ ತೂಬು, ಎಲ್ಲಿ ಮಳೆ ಬಂದರೆ ಜಾರುತ್ತದೆ ಎಂದು ಹೇಳಿ ಬರೆಸಿದರು. ಹೊರದೇಶದ ಆರ್ಡರು ಒಂದು ತಿಂಗಳು ಬಂತು, ಎರಡು ತಿಂಗಳು ನಿಂತಿತು, ಮತ್ತೆ ಬಂತು. ನಿಂತ ತಿಂಗಳುಗಳಲ್ಲಿ ಗಾಡಿಗಳನ್ನು ಉಳಿಸಿದ್ದು ಮೇಸ್ತ್ರಿ ಹುಡುಕಿಕೊಟ್ಟ ಆ ಬೂಸಾ, ಹಿಂಡಿಯ ಬಾಡಿಗೆಯೇ. ಎರಡೂ ಗಾಡಿಗಳು ಇಂದಿಗೂ ಓಡುತ್ತಿವೆ. ನಾನು ಕೊಟ್ಟ ಮಾತು ಉಳಿದದ್ದು ಅವರಿಂದ.

ಹೋದ ಮಾಗಿಯಲ್ಲಿ ಮೇಸ್ತ್ರಿ ಮೂರು ದಿನದ ಜ್ವರಕ್ಕೆ ತೀರಿಹೋಗಿಬಿಟ್ಟರು. ತಿಥಿಯ ದಿನ ಮಾಲೀಕರು, ಡ್ರೈವರಮ್ಮ, ನಾನು ಅದೇ ಗಾಡಿಯಲ್ಲಿ ಹೇಮಗಿರಿಯ ಹತ್ತಿರದ ಅವರ ಊರಿಗೆ ಹೋದೆವು. ಊಟ ಮುಗಿಸಿ ಹತ್ತಿ ಕೂತ ಮೇಲೂ ಡ್ರೈವರಮ್ಮ ಗಾಡಿ ಎಬ್ಬಿಸಲಿಲ್ಲ. ಹಿಂದೆ ತಿರುಗಿ ನೋಡುತ್ತಿದ್ದಳು. ಮಾಲೀಕರೂ ನೋಡಿದರು. ಗಾಡಿ ಬರಿದಾಗಿತ್ತು.

ಮಾಲೀಕರು ಇಳಿದರು. ಚಪ್ಪಲಿ ಬಿಟ್ಟು, ಟವಲ್ಲನ್ನು ಎಡಭುಜಕ್ಕೆ ಹಾಕಿಕೊಂಡು, ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದವರನ್ನು ಒಂದು ಹೊರೆ ಸೋಗೆ ಕೇಳಿದರು. ತಾವೇ ಹೊತ್ತು ತಂದು ಹೇರಿದರು. ಡ್ರೈವರಮ್ಮ ಗಾಡಿಯನ್ನು ನಾಲೆ ಏರಿಯ ಕಡೆಗೆ ತಿರುಗಿಸಿದಳು.