ದಾರಕ್ಕೆ ಸಿಗದ ಕಚ್ಚು

ಆಗಿನ ಬೇಸಿಗೆ ರಜೆಯಲ್ಲಿ ದಿನಗಳನ್ನು ನಾವು ತಾರೀಖಿನಿಂದ ಎಣಿಸುತ್ತಿರಲಿಲ್ಲ, ಮಾಡಿದ ಕೆಲಸದಿಂದ ಎಣಿಸುತ್ತಿದ್ದೆವು. ಆ ಭಾನುವಾರ ನಾನು ಮಾಡಿದ್ದು ಇಷ್ಟು: ನಳಕ್ಕೆ ನೀರು ಬಂದಾಗ ಹನ್ನೊಂದು ಕೊಡ ತುಂಬಿಸಿದೆ. ಅಂಗಳದ ಕಸ ಹೊಡೆದೆ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸಿದೆ. ಅಕ್ಕನ ಜಡೆ ಬಿಚ್ಚಿ ಹೇನು ನೋಡಿದೆ, ಎರಡು ಸಿಕ್ಕವು. ಅಪ್ಪನ ಎಡಗೈಯ ಉಗುರು ತೆಗೆದೆ. ಹಲಗೆಯ ಮೇಲೆ ಕೂಡಿಸಿದ್ದ ಕಂಪ್ಯೂಟರ್ ಬೋರ್ಡಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಾಡಿಸಿದೆ. ಈ ಕೊನೆಯ ಕೆಲಸ ಮಾಡುವಾಗಲೇ ಒಂದು ತಪ್ಪು ಕಣ್ಣಿಗೆ ಬಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮಧ್ಯಾಹ್ನದವರೆಗೆ ಧೈರ್ಯ ಬರಲಿಲ್ಲ.

ನಮ್ಮ ಮನೆ ಮಾನ್ವಿಯಲ್ಲಿತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಊರಿನ ನಾಲ್ಕಾರು ಗಿರಣಿಗಳಲ್ಲಿ ಯಾವ ಯಂತ್ರ ಕೆಮ್ಮಿದರೂ "ವೀರಣ್ಣನ್ನ ಕರೀರಿ" ಎನ್ನುತ್ತಿದ್ದರು. ಆ ವರ್ಷ ಶಿವರಾತ್ರಿಯ ಮುಂದೆ ಅಪ್ಪನ ಬಲಗೈ ಬೆಲ್ಟಿಗೆ ಸಿಕ್ಕಿತ್ತು. ಗಾಯ ಮಾಯಿತು, ಪಟ್ಟಿ ಬಿಚ್ಚಿದರು. ನಡುಬೆರಳು ಮತ್ತು ಉಂಗುರದ ಬೆರಳು ಮಾತ್ರ ಕೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟವು. ಗಿರಣಿಯ ಸಾಹುಕಾರರು ಎರಡು ಸಲ ಮನೆಗೆ ಬಂದು, "ನಿಂತು ಹೇಳಿದ್ರ ಸಾಕು, ಬಾರಪ್ಪ" ಎಂದು ಕರೆದರು. ಅಪ್ಪ ಹೋಗಲಿಲ್ಲ. "ಸ್ಪ್ಯಾನರ್ ಹಿಡಿಯಾಕ ಬರದವ ಅಲ್ಲಿ ಏನು ಮಾಡಲಿ?" ಎಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ.

ಅಂದಿನಿಂದ ನಮ್ಮ ಮನೆಯಲ್ಲಿ ಅಪ್ಪನಿಗೆ 'ತಪ್ಪು' ಅನ್ನುವ ಮಾತನ್ನೇ ಯಾರೂ ಆಡುತ್ತಿರಲಿಲ್ಲ. ಒಂದು ದಿನ ಅವನು ತಾನೇ ಚಹಾ ಕಾಸಿ, ಸಕ್ಕರೆ ಎಂದು ಉಪ್ಪು ಹಾಕಿದ. ಅವ್ವ, ಅಕ್ಕ, ನಾನು ಮೂವರೂ ಕುಡಿದು ಕಪ್‌-ಬಸಿ ಕೆಳಗಿಟ್ಟೆವು.

ಕಂಪ್ಯೂಟರಿನ ಹುಚ್ಚು ಹಚ್ಚಿದ್ದು ದೇವದುರ್ಗದ ಸೋದರಮಾವ. ಅಲ್ಲಿ ಅವನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ದಸರೆಗೆ ಹೋದಾಗ ನಾನೂ ಅಕ್ಕನೂ ಅಲ್ಲಿ ಕಾರ್ ರೇಸ್ ಆಡಿ ಊಟ ಮರೆತಿದ್ದೆವು. ಈಗ ಅವನು ಕ್ಲಾಸ್ ಮುಚ್ಚಿ ಜಾಲಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಹಾಕಿದ್ದ. ಒಂದು ಮಾನಿಟರು, ಕೀಬೋರ್ಡು, ಪ್ರೊಸೆಸರ್ ಕೂತಿದ್ದ ಬೋರ್ಡು, ಹಾರ್ಡ್ ಡಿಸ್ಕು, ಆಟದ ಸಿಡಿ, ಎಲ್ಲವನ್ನೂ ಹಾಸಿಗೆಯ ಚಾದರದಲ್ಲಿ ಸುತ್ತಿ ಬಸ್ಸಿಗೆ ಹಾಕಿ ಕಳಿಸಿದ. ಮೂರು ಸಾಮಾನು ಮಾತ್ರ ನಾವೇ ಹೊಂದಿಸಿಕೊಳ್ಳಬೇಕಿತ್ತು: ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ, ಆಟದ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡ್, ಮತ್ತು ರ‍್ಯಾಮ್ ಎನ್ನುವ ಗೇಣುದ್ದದ ಹಸಿರು ಪಟ್ಟಿ.

ಅವ್ವ ನಮ್ಮಿಬ್ಬರನ್ನು ಒಲೆಯ ಮುಂದೆ ಕೂಡಿಸಿಕೊಂಡು ಮೆಲ್ಲಗೆ ಹೇಳಿದ್ದಳು: "ಆಟ ಬಂದ್ರ ಬರಲಿ, ಬಿಟ್ರ ಬಿಡಲಿ. ನಿಮ್ಮಪ್ಪನ ಕೈಗೆ ಒಂದು ಕೆಲಸ ಸಿಗಲಿ. ಇದೂ ಆಗಲಿಲ್ಲಂದ್ರ ಅವರು ಮತ್ತ ಏನೂ ಮುಟ್ಟಂಗಿಲ್ಲ, ನೋಡ್ರಿ."

ಅಪ್ಪ ಎದ್ದ. ಇದನ್ನೆಲ್ಲ ಕೂಡಿಸಿಡುವ ಪೆಟ್ಟಿಗೆ ಬೇರೆ ಕೊಳ್ಳುವುದು ಯಾಕೆಂದು ಒಂದು ಹಲಗೆ ತಂದು, ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ, ಬೋರ್ಡನ್ನು ಅದರ ಮೇಲೆ ಕೂಡಿಸಿದ. ಎಡಗೈಯಿಂದ ಒಂದೊಂದು ಸ್ಕ್ರೂ ತಿರುಗಿಸಲು ಅರ್ಧ ತಾಸು ಹಿಡಿಯಿತು. ಆಮೇಲೆ ರ‍್ಯಾಮ್ ಕೂರುವ ಸಂದಿನ ಮೇಲೆ ದಾರ ಹಿಡಿದು, ಆ ತುದಿಗೊಂದು ಈ ತುದಿಗೊಂದು ಗಂಟು ಹಾಕು ಎಂದು ನನಗೆ ಹೇಳಿದ. ಗಿರಣಿಯವರ ಪದ್ಧತಿಯೇ ಅದು. ಯಾವ ಭಾಗ ಮುರಿದರೂ ದಾರಕ್ಕೆ ಗಂಟು ಹಾಕಿಕೊಂಡು ರಾಯಚೂರಿಗೆ ಹೋಗುವುದು, ಅಂಗಡಿಯಲ್ಲಿ ದಾರ ಹಿಡಿದು ಸಾಮಾನು ತರುವುದು. ಅಪ್ಪನ ದಾರ ಎಂದೂ ಒಂದು ಕೂದಲೆಳೆಯಷ್ಟೂ ಸುಳ್ಳಾದದ್ದಿಲ್ಲ.

ರಾಯಚೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಸಂದಿಯಲ್ಲಿ ಮಹೆಬೂಬಣ್ಣನ ಅಂಗಡಿ. ಹಳೇ ಹೊಸ ಕಂಪ್ಯೂಟರ್ ಸಾಮಾನು ಮಾರುತ್ತಿದ್ದ. ಅಪ್ಪನ ಜೊತೆ ನಾನು ಹೋಗಿದ್ದೆ. ಮಹೆಬೂಬಣ್ಣ ಎರಡು ಗ್ರಾಫಿಕ್ಸ್ ಕಾರ್ಡ್ ಮುಂದಿಟ್ಟ. ಒಂದು ದೊಡ್ಡದು, ಅದಕ್ಕೆ ಸ್ವಂತದ ಫ್ಯಾನು. ನನ್ನ ಕಣ್ಣು ಅದರ ಮೇಲೆಯೇ.

"ದೊಡ್ಡದು ತಗೋರಿ ವೀರಣ್ಣೋರ, ಮಕ್ಕಳು ಖುಷ್ ಆಗ್ತಾವ. ಆದ್ರ ಎಸ್‌ಎಂಪಿಎಸ್ ಭಾರೀದು ಬೇಕಾಗ್ತದ."

"ಈಗ ತಗೊಂಡ ಡಬ್ಬಿ ಅದನ್ನ ಎಳೀತದೇನು?"

"ಎಳೀತದ, ಖರೆ. ಆಟ ಜೋರಾದಾಗ ದಬಕ್ನ ಆರ್ತದ."

ಅಪ್ಪ ನಕ್ಕ. ಎರಡು ತಿಂಗಳಲ್ಲಿ ನಾನು ಕಂಡ ಮೊದಲ ನಗು. "ಹತ್ತು ಎಚ್‌ಪಿ ಮೋಟರಿಗೆ ಇಪ್ಪತ್ತರ ಯಂತ್ರ ಕಟ್ಟಿದಂಗ ಆತು. ಬೆಲ್ಟ್ ಹರಿಯೂದೆ. ಸಣ್ಣದು ಕೊಡ್ರಿ."

ಅಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ರ‍್ಯಾಮ್ ಕೇಳಿದಾಗ ಮಹೆಬೂಬಣ್ಣ, "ಬೋರ್ಡ್ ಯಾವ ನಮೂನಿದು?" ಎಂದ. ಅಪ್ಪ ಅಂಗಿಯ ಜೇಬಿನಿಂದ ದಾರ ತೆಗೆದ. "ಅಳತಿ ತಂದೀನಲ್ರೀ." ಮಹೆಬೂಬಣ್ಣ ದಾರವನ್ನೂ ನೋಡಿದ, ಅಪ್ಪನ ಬೆರಳನ್ನೂ ನೋಡಿದ, ಮತ್ತೆ ಕೇಳಲಿಲ್ಲ. ಒಂದು ಪಟ್ಟಿ ತೆಗೆದು ದಾರದ ಪಕ್ಕಕ್ಕಿಟ್ಟ. ಗಂಟಿನಿಂದ ಗಂಟಿಗೆ ಸರಿಯಾಗಿ ಕೂತಿತು. "ಈಗ ಇದೇ ನಡೀತದ. ಕೂರಲಿಲ್ಲಂದ್ರ ವಾಪಸ್ ತರ್ರಿ, ಬದ್ಲಿ ಕೊಡ್ತೀನಿ. ಜೋರ್ ಮಾಡಿ ಒತ್ತಬ್ಯಾಡ್ರಿ, ಬೋರ್ಡ್ ಸೀಳ್ತದ" ಎಂದ.

ಭಾನುವಾರ ನಾನು ಧೂಳು ಜಾಡಿಸುವಾಗ ಕಂಡದ್ದು ಇದು: ಬೋರ್ಡಿನ ಆ ಸಂದಿನ ಒಳಗೆ ಎರಡು ಸಣ್ಣ ಗೂಟಗಳಿದ್ದವು. ಅಪ್ಪ ತಂದ ಪಟ್ಟಿಯಲ್ಲಿ ಗೂಟ ಕೂರಲು ಕೊರೆದ ಕಚ್ಚು ಒಂದೇ ಇತ್ತು.

ಊಟಕ್ಕೆ ಮುಂಚೆ ಅಪ್ಪ ಹಲಗೆಯ ಮುಂದೆ ಕೂತ. ಪಟ್ಟಿಯನ್ನು ಇಟ್ಟು ಎಡಗೈ ಹೆಬ್ಬೆರಳಿನಿಂದ ಒತ್ತಿದ. ಕೂರಲಿಲ್ಲ. ತಿರುಗಿಸಿ ಇಟ್ಟು ಒತ್ತಿದ. "ಅಳತಿ ಬರೋಬ್ಬರಿ ಅದ. ಹೊಸಾದು, ಬಿಗಿ ಇರ್ತದ" ಎಂದುಕೊಂಡು ಮೊಣಕಾಲೂರಿ ಎದ್ದು, ಮೈಭಾರ ಹಾಕಿದ. ಬೋರ್ಡು ನಡುವೆ ಬಾಗಿತು. ಕಿರ್ ಎಂದಿತು.

"ಯಪ್ಪಾ, ನಿಂದರು!"

ಅಕ್ಕ ಹಿಂದಿನಿಂದ ನನ್ನ ತೊಡೆ ಚಿವುಟಿದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

"ಯಾಕವ್ವ?"

"ಇಲ್ಲಿ ಗೂಟ ಎರಡು ಅದಾವ. ಇದಕ ಕಚ್ಚು ಒಂದೇ ಅದ. ಇದು... ಇದು ತಪ್ಪು ಬಂದದಪ್ಪ."

ಅಪ್ಪ ಕೈ ತೆಗೆದ. ಪಟ್ಟಿಯನ್ನು ಬೆಳಕಿಗೆ ಹಿಡಿದ. ಬಗ್ಗಿ ಸಂದಿನೊಳಗೆ ನೋಡಿದ. ಜೇಬಿನಿಂದ ದಾರ ತೆಗೆದು ಅದನ್ನೂ ನೋಡಿದ. ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ ಎಂದೇ ನಾನು ಅಂದುಕೊಂಡೆ.

"ಮುಂಜಾನೆ ಧೂಳು ಹೊಡಿಯುವಾಗ ನೋಡಿದಿ ಏನು?"

ತಲೆಯಾಡಿಸಿದೆ.

"ಮತ್ತ ಇಷ್ಟೊತ್ತು ಬಾಯಾಗ ಏನು ಇಟ್ಕೊಂಡಿದ್ದಿ, ಬೆಲ್ಲಾ?"

ಅಕ್ಕ ಕಿಸಕ್ಕೆಂದಳು. ಅಪ್ಪ ಅವಳ ಕಡೆ ತಿರುಗಿ, "ನೀನೇನು ನಗತಿ ಬೇ? ಆವತ್ತು ಉಪ್ಪಿನ ಚಾ ಕುಡದು ಸುಮ್ಮನಿದ್ದಾಕಿ. ನಾನೂ ಕುಡದೀನಿ ಅದನ್ನ" ಎಂದ. ಒಳಗಿನಿಂದ ಅವ್ವ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

"ದಾರ ಉದ್ದ ಹೇಳ್ತದ, ಕಚ್ಚು ಹೇಳಂಗಿಲ್ಲ. ಪೆನ್ಸಿಲ್ ತಾ. ನಿನ್ನ ನೋಟಬುಕ್ಕಿನ ಹಾಳಿ ಒಂದು ಹರಿ" ಎಂದ ಅಪ್ಪ. ಗಿರಣಿಯಲ್ಲಿ ಎರಡು ಭಾಗಗಳ ನಡುವೆ ಇಡುವ ಗ್ಯಾಸ್ಕೆಟ್ ಕತ್ತರಿಸಲು ಕಬ್ಬಿಣದ ಮೇಲೆ ಹಾಳೆಯಿಟ್ಟು, ಮಸಿ ಬೆರಳಿನಿಂದ ಉಜ್ಜಿ ಗುರುತು ತೆಗೆಯುತ್ತಾರೆ. ನಾನು ಸಂದಿನ ಮೇಲೆ ಹಾಳೆಯನ್ನು ಬಿಗಿಯಾಗಿ ಹಿಡಿದೆ, ಅಪ್ಪ ಎಡಗೈಯಿಂದ ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಿದ. ಕಪ್ಪಿನ ನಡುವೆ ಎರಡು ಗೂಟಗಳೂ ಎದ್ದು ಬಂದವು. ಇಬ್ಬರ ತಲೆಯೂ ತಾಗುತ್ತಿತ್ತು. ಅಪ್ಪನ ಅಂಗಿಯಲ್ಲಿ ಗಿರಣಿಯ ತೌಡಿನ ವಾಸನೆ ಇನ್ನೂ ಇತ್ತು.

ಸೋಮವಾರ ಮೊದಲ ಬಸ್ಸಿಗೆ ಮತ್ತೆ ರಾಯಚೂರು. ಮಹೆಬೂಬಣ್ಣ ಹಾಳೆ ನೋಡಿ, "ಇದೇನ್ರೀ ವೀರಣ್ಣೋರ, ಕನ್ಯಾ ನೋಡಾಕ ಜಾತಕ ತಂದಂಗ ತಂದೀರಿ!" ಎಂದ.

"ಮೊದ್ಲನೇ ಸಂಬಂಧ ಕೂಡಲಿಲ್ಲ. ಎರಡು ಕಚ್ಚಿನ ಕನ್ಯಾ ತೋರಸ್ರಿ."

ಮಹೆಬೂಬಣ್ಣ ಕೆಳಗಿನ ಡ್ರಾ ಎಳೆದು ಹಳೇ ನಮೂನೆಯ ಪಟ್ಟಿಯೊಂದನ್ನು ಹುಡುಕಿ, ಹಾಳೆಯ ಮೇಲೆ ಮಲಗಿಸಿದ. ಎರಡೂ ಕಚ್ಚು ಎರಡೂ ಗೂಟದ ಮೇಲೆ ಬಂದವು. ಬದಲಿಗೆ ಬದಲಿ ಕೊಟ್ಟು ಆ ಹಾಳೆಯನ್ನು ತಾನೇ ಇಟ್ಟುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಮಂಡಾಳ ಒಗ್ಗರಣೆ ತಿಂದು, ಅಕ್ಕನಿಗೆ ಮಿರ್ಚಿ ಕಟ್ಟಿಸಿಕೊಂಡು ಬಂದೆವು.

ಮನೆಗೆ ಬಂದು ಕೈಕಾಲು ತೊಳೆದು ಅಪ್ಪ ಹಲಗೆಯ ಮುಂದೆ ಕೂತ. ಪಟ್ಟಿಯ ಎರಡೂ ತುದಿಯನ್ನು ಒಟ್ಟಿಗೆ, ನೆಟ್ಟಗೆ ಒತ್ತಬೇಕಿತ್ತು. ಒಂದು ತುದಿಗೆ ಎಡಗೈ ಹೆಬ್ಬೆರಳು ಇಟ್ಟ. ಇನ್ನೊಂದು ತುದಿಗೆ, ಎರಡು ತಿಂಗಳಿಂದ ಅಂಗಿಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದ ಆ ಎರಡು ಬೆರಳುಗಳನ್ನು ತಂದ. ಅವು ಮಡಚಲಿಲ್ಲ, ಜಾರಲಿಲ್ಲ. ಟಕ್. ಟಕ್. ಎರಡೂ ಕಡೆಯ ಬಿಳಿ ಕೊಂಡಿ ತಾವಾಗಿ ಮುಚ್ಚಿಕೊಂಡವು.

ಅಪ್ಪ ಆ ಬೆರಳುಗಳನ್ನು ತಿರುಗಿಸಿ ನೋಡಿಕೊಂಡ. "ಒತ್ತಾಕ ಇವೇ ಚಲೋ ಅದಾವಲ್ಲ" ಎಂದ.

ಪರದೆಯ ಮೇಲೆ ಕಾರು ಓಡಿತು. ಅಕ್ಕ ಅದನ್ನು ಗೋಡೆಗೆ ಗುದ್ದಿಸಿದಳು, ನಾನೂ ಗುದ್ದಿಸಿದೆ. ಅವ್ವ ಹಿಟ್ಟಿನ ಕೈಯಲ್ಲೇ ಬಂದು, "ಗ್ವಾಡಿಗೆ ಹಾಯೂದಕ್ಕ ಇಷ್ಟೆಲ್ಲಾ ಮಾಡಿದ್ರೇನು?" ಎಂದಳು.

ಮರುದಿನ ಬೆಳಿಗ್ಗೆ ಅಪ್ಪ ಗಿರಣಿಗೆ ಹೋದ. ರಜೆಯುದ್ದಕ್ಕೂ ಅವನ ಜೊತೆ ಕೂತು ಆಡುವ ಲೆಕ್ಕದಲ್ಲಿದ್ದ ನನಗೆ ಬಹಳ ಸಿಟ್ಟು ಬಂದಿತ್ತು. ಆಟ ಬಂದ ದಿನವೇ ಅಪ್ಪ ಮನೆಯಲ್ಲಿರುವ ದಿನಗಳು ಮುಗಿದವು.

ಮೊನ್ನೆ ನನ್ನ ಮಗಳು ಆಟದ ಕಂಪ್ಯೂಟರಿಗೆ ಫೋನಿನಲ್ಲೇ ಸಾಮಾನು ಆರಿಸಿದಳು. ಒಂದಕ್ಕೊಂದು ಹೊಂದಿದರೆ ಹಸಿರು ಗುರುತು ಬರುತ್ತದೆ. "ಕಚ್ಚು ನೋಡಿದಿ ಏನು?" ಎಂದು ಕೇಳಿದೆ. "ಅದೇ ನೋಡ್ತದ ಬಿಡವ್ವ" ಎಂದಳು. ಖರೆ, ಅದೇ ನೋಡಿತು. ಎಲ್ಲವೂ ಒಂದೇ ಸಲಕ್ಕೆ ಕೂತವು, ಅರ್ಧ ತಾಸಿಗೆ ಕೆಲಸ ಮುಗಿಯಿತು. ನನ್ನನ್ನು ಹಾಳೆ ಹಿಡಿ ಎಂದು ಯಾರೂ ಕರೆಯಲಿಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. ಇಂಥದ್ದರಲ್ಲಿ ತಪ್ಪು ಮಾಡಿ, ತಪ್ಪು ಹೇಳಿಸಿಕೊಂಡು, ಮತ್ತೆ ಪೆನ್ಸಿಲ್ ಕೇಳುವವರು ಈಗ ನಮ್ಮ ಮನೆಯಲ್ಲಿ ಇಲ್ಲ.

ಆ ಸೋಮವಾರ ಮಧ್ಯಾಹ್ನ ನಾವು ಉಂಡದ್ದು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಡಿಗೆಯ ಮೊಸರು. ಮಿರ್ಚಿ ಆರಿತ್ತು, ಆದರೂ ಅಕ್ಕ ಒಬ್ಬಳೇ ತಿಂದಳು. ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದೆ ಎಂದು ಅಪ್ಪನಿಗೆ, ಅವ್ವನಿಗೆ, ಎಲ್ಲರಿಗೂ ಕೇಳುವ ಹಾಗೆ ನಾನು ಹೇಳಿದೆ. ಯಾರೂ ಚಿವುಟಲಿಲ್ಲ. ಉಂಡ ಮೇಲೆ ಮೊದಲು ನಿದ್ದೆ ಹೋದವನು ಅಪ್ಪ. ಹಲಗೆಯ ಪಕ್ಕದಲ್ಲೇ, ಕಂಪ್ಯೂಟರಿನ ಫ್ಯಾನಿನ ಸದ್ದಿಗೆ, ಬಲಗೈ ಹೊರಗಿಟ್ಟುಕೊಂಡು, ನಮ್ಮ ಕಡೆ ಮುಖ ಮಾಡಿ.