ಮೇಗರವಳ್ಳಿಗೆ ಆರು ಸೇರು

ಹುಂಚಕ್ಕೆ ಎರಡು ಸೇರು, ಸಾಗರಕ್ಕೂ ತೀರ್ಥಹಳ್ಳಿಗೂ ನಾಲ್ಕು ನಾಲ್ಕು ಸೇರು, ಮೇಗರವಳ್ಳಿಗೆ ಆರು ಸೇರು ಅಕ್ಕಿ ಬೇಕಾಗುತ್ತಿತ್ತು ನಮ್ಮ ಗುತ್ಯಮ್ಮಕ್ಕನಿಗೆ. ತಿನ್ನುವುದಕ್ಕಲ್ಲ, ಹೋಗಿ ಬರುವುದಕ್ಕೆ.

ಹೊಸನಗರದಿಂದ ಹುಂಚಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಹಾಕಿದ್ದು. ಅಪ್ಪನ ನಂತರ ಮೋಟಾರು, ಕಲ್ಲು, ಬೆಲ್ಟು ನನ್ನ ಪಾಲಿಗೆ ಬಂದವು. ಅಕ್ಕ ಮೂಲೆಯಲ್ಲಿ ಗೋಣಿಚೀಲಗಳ ಮೇಲೆ ಕೂತು ಬಂದವರ ಅಕ್ಕಿ, ರಾಗಿ ಅಳೆಯುತ್ತಿದ್ದಳು. ಮೂರು ವರ್ಷದವಳಿದ್ದಾಗ ಜ್ವರ ಬಂದು ಅವಳ ಬಲಗಾಲು ಬೆಳೆಯದೆ ಉಳಿದಿತ್ತು. ಬಸ್ಸು ಹತ್ತುವುದು ಕಷ್ಟ, ಹತ್ತಿದ ಮೇಲೆ ಇಳಿಯುವುದು ಇನ್ನೂ ಕಷ್ಟ. ಹಾಗಾಗಿ ಸಾಗರವನ್ನು ಅವಳು ಕಣ್ಣಾರೆ ಕಂಡಿದ್ದು ಎರಡೇ ಸಲ. ಆದರೆ ಸಾಗರದ ಯಾವ ಬೀದಿಯಲ್ಲಿ ಯಾರ ಮನೆ ಬಾಗಿಲಿಗೆ ಹೊಸ ಬಣ್ಣ ಹೊಡೆದಿದ್ದಾರೆ ಎಂದು ಕೂತಲ್ಲೇ ಹೇಳುತ್ತಿದ್ದಳು.

ಅವಳು ಹೋಗುತ್ತಿದ್ದುದು ಹೀಗೆ. ನಮ್ಮ ಗಿರಣಿಯ ಬೆಲ್ಟಿಗೆ ಒಂದು ಕಡೆ ಹೊಲಿಗೆ ಹಾಕಿದೆ. ಆ ಹೊಲಿಗೆ ರಾಟೆಗೆ ಬಂದು ತಾಗಿದಾಗೆಲ್ಲ ‘ಪಟ್’ ಎನ್ನುತ್ತದೆ. ಪಟ್, ಪಟ್, ಪಟ್. ಹೊಸಬರಿಗೆ ತಲೆನೋವು ಬರುವ ಸದ್ದು. ಅಕ್ಕ ಚೀಲಗಳ ಮೇಲೆ ಮಲಗಿ, ಸೆರಗನ್ನು ಮುಖಕ್ಕೆ ಹಾಕಿಕೊಂಡು, ಮಲಗಿದ್ದಲ್ಲಿಂದಲೇ ಆ ಸದ್ದಿನ ಜೊತೆ ಹೊರಡುತ್ತಿದ್ದಳು. ಸದ್ದು ಇರುವ ತನಕ ಹೋಗಬಹುದು, ಸದ್ದು ಹಿಡಿದುಕೊಂಡೇ ಹಿಂದೆ ಬರಬೇಕು. ಕಾಳಿಲ್ಲದೆ ಕಲ್ಲು ತಿರುಗಿಸಿದರೆ ಕಲ್ಲು ಹಾಳು. ಆದ್ದರಿಂದ ದೂರದೂರಿನವರ ಸುದ್ದಿ ಕೇಳಲು ಬಂದವರು ಆ ಊರಿನ ದೂರಕ್ಕೆ ತಕ್ಕಷ್ಟು ಅಕ್ಕಿ ತರಬೇಕಿತ್ತು. ಅಕ್ಕಿ ಹಿಟ್ಟಾಗಿ ಮುಗಿಯುವಷ್ಟರಲ್ಲಿ ಅಕ್ಕ ವಾಪಸ್. ಹಿಟ್ಟು ಅವರೇ ಮನೆಗೆ ಒಯ್ಯುತ್ತಿದ್ದರು. ಉತ್ತರ ಸುಳ್ಳಾದರೂ ರೊಟ್ಟಿಗೆ ಮೋಸವಿರಲಿಲ್ಲ.

ನಡುವೆ ಕರೆಂಟು ಹೋದರೆ ನಾನು ಬಿದಿರುಕೋಲು ತಗೊಂಡು, ಅಕ್ಕಿ ಸುರಿಯುವ ತಗಡಿನ ಡಬ್ಬದ ಮೇಲೆ ಅದೇ ತಾಳದಲ್ಲಿ ಬಡಿಯಬೇಕಿತ್ತು. ಅವಳು ಬಂದು ಕಣ್ಣು ಬಿಡುವ ತನಕ ನಿಲ್ಲಿಸುವಂತಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಮನೆಯವರು ನಂಬಿ ಕೊಟ್ಟ ದೊಡ್ಡ ಕೆಲಸ ಎಂದರೆ ಇದೊಂದೇ.

ಕರೆದುಕೊಂಡು ಹೋಗುತ್ತಿದ್ದುದು ಗೌರಿ. ಗೌರಿ ಎಂದರೆ ನಮ್ಮ ಮನೆಯಲ್ಲಿ ಎಷ್ಟೋ ವರ್ಷದ ಹಿಂದೆ ಸತ್ತ ಎಮ್ಮೆ. ಅಕ್ಕ ಕೊಟ್ಟಿಗೆ ಬಾಗಿಲಲ್ಲಿ ಅದರ ಬಾಲ ಹಿಡಿದರೆ ಆಯಿತು. ಬದುಕಿದ್ದಾಗಲೇ ಯಾರ ಮಾತೂ ಕೇಳದ ಎಮ್ಮೆ, ಸತ್ತ ಮೇಲೆ ಕೇಳುತ್ತದೆಯೇ? ಒಮ್ಮೆ ಒಬ್ಬರ ಕಳೆದುಹೋದ ಕರು ಆನಂದಪುರದ ಹತ್ತಿರ ಇದೆ ಎಂದಳು. ಅವರು ಅಲ್ಲೆಲ್ಲ ಅಲೆದು ಬಂದರೆ ಕರು ಅವರದೇ ಹುಲ್ಲಿನ ಮನೆಯಲ್ಲಿ ಮಲಗಿತ್ತು. ಕೇಳಿದರೆ, “ನಾ ಎಂತ ಮಾಡ್ಲಿ? ಗೌರಿ ಮಧ್ಯ ದಾರೀಲಿ ಮೇಯಕ್ಕೆ ನಿಂತ್ಲು. ಅಲ್ಲಿ ಯಾವ್ದೋ ಕರು ಕಾಣ್ತು, ಹೇಳ್ದೆ” ಎಂದಳು.

ಪಕ್ಕದ ಮನೆಯ ಗಿರಿಜಕ್ಕ ಅವಳ ಕಾಯಂ ಗಿರಾಕಿ. ಗಿರಿಜಕ್ಕನ ಮಗಳನ್ನು ಮೇಗರವಳ್ಳಿಗೆ ಕೊಟ್ಟಿತ್ತು. ಅಲ್ಲಿ ಫೋನು ಸಿಗುವುದಕ್ಕಿಂತ ಸಿಗದಿರುವುದೇ ಹೆಚ್ಚು. ಆರು ಸೇರು ಅಕ್ಕಿ ತಂದು ಸುರಿದು, ಅಕ್ಕನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ಅಕ್ಕ ಸೆರಗು ತೆಗೆದ ಕೂಡಲೇ,

“ಹೆಂಗಿದಾಳೆ ಗುತ್ಯಮ್ಮಾ?”

“ಚೆನ್ನಾಗಿದಾಳೆ. ದಪ್ಪ ಆಗಿದಾಳೆ. ಅತ್ತೆ ಎದುರಿಗೇ ಕಾಲ್ಮೇಲೆ ಕಾಲು ಹಾಕ್ಕೊಂಡು ಟೀವಿ ನೋಡ್ತಿದ್ಲು.”

“ಯಾವ ಸೀರೆ ಉಟ್ಟಿದ್ಲು?”

“ಸೀರೆ ಎಲ್ಲಿಂದ ಬಂತು ಮಾರಾಯ್ತಿ, ನೈಟಿ.”

ಗಿರಿಜಕ್ಕ ಮಗಳ ನೈಟಿಗೆ ಬೈಯುತ್ತ, ಮಗಳ ಧೈರ್ಯಕ್ಕೆ ಒಳಗೊಳಗೇ ನಗುತ್ತ, ಹಿಟ್ಟಿನ ಚೀಲ ಹೊತ್ತು ಹೋಗುತ್ತಿದ್ದಳು. ಅಕ್ಕ ನಿಜವಾಗಿ ನೋಡಿದಳೋ ಇಲ್ಲವೋ, ಬಂದಾಗ ಇಷ್ಟು ಸಣ್ಣ ಮುಖ ಮಾಡಿಕೊಂಡಿದ್ದವಳು ಹೋಗುವಾಗ ಹಾಗೆ ಹೋಗುತ್ತಿರಲಿಲ್ಲ.

ಅಕ್ಕ ಇನ್ನೊಂದು ತರಹವೂ ಒಮ್ಮೆ ಹೋಗಿದ್ದಳು. ಪಿತ್ತಕೋಶದ ಕಲ್ಲು ತೆಗೆಸಲು ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಆಪರೇಷನ್ ನಡೆಯುವಾಗ ಅವಳು ಎದ್ದು ಮೇಲೆ ಹೋಗಿ ಚಾವಣಿಗೆ ಅಂಟಿಕೊಂಡು ಕೆಳಗೆ ನೋಡಿದಳಂತೆ. ಕೆಳಗೆ ಹಸಿರು ಬಟ್ಟೆ ಹೊದಿಸಿ ಅವಳನ್ನೇ ಮಲಗಿಸಿದ್ದರಂತೆ. ಪ್ರಜ್ಞೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ನರ್ಸಿಗೆ: “ಅಮ್ಮಾ, ಆ ಬೀರು ತಲೆ ಮೇಲೆ ಧೂಳು ಒರೆಸಿ ಎಷ್ಟು ದಿನ ಆತು?”

ನನಗೆ ಖುಷಿಯಾಗಿತ್ತು. ಗೌರಿ ಇಲ್ಲದೆ, ಬೆಲ್ಟಿನ ಸದ್ದಿಲ್ಲದೆ, ಒಂದು ಸೇರು ಅಕ್ಕಿಯೂ ಇಲ್ಲದೆ ಹೋಗಿ ಬಂದಿದ್ದಾಳೆ, ಇನ್ನು ನನಗೆ ಡಬ್ಬ ಬಡಿಯುವ ಕೆಲಸ ತಪ್ಪಿತು ಎಂದುಕೊಂಡೆ. ಅಕ್ಕ ಮುಖ ಸಿಂಡರಿಸಿದಳು.

“ಅದು ಹೋಗೋದಲ್ಲ ಕಣೋ ತಮ್ಮ. ಹೋಗೋರಿಗೆ ಒಂದು ಕೆಲಸ ಬೇಕು, ವಾಪಸ್ ಕರೆಯಕ್ಕೆ ಒಬ್ರು ಬೇಕು. ಅಲ್ಲಿ ನಂಗೆ ಎಂತ ಕೆಲಸ ಇತ್ತು? ಬಾವಲಿ ಹಂಗೆ ಸುಮ್ನೆ ನೇತಾಡ್ತಿದ್ದೆ.” ಸೆರಗಿನಿಂದ ಕಾಲು ಮುಚ್ಚಿಕೊಂಡು ಹೇಳಿದಳು: “ಅದ್ರಲ್ಲಿ ನಮ್ಮನ್ನೇ ನಾವು ನೋಡ್ತಾ ಇರ್ಬೇಕು. ನನ್ನ ಕಾಲು ಮೇಲಿಂದ ನೋಡಿದ್ರೆ ಎಷ್ಟು ಸಣ್ಣ ಕಾಣ್ತದೆ ಗೊತ್ತಾ? ಗೌರಿ ಬಾಲ ಹಿಡ್ಕೊಂಡು ಹೋದ್ರೆ ನಂಗೆ ಕಾಲು ಅಂತ ಒಂದಿದೆ ಅನ್ನೋದೇ ನೆನಪಾಗಲ್ಲ. ಊರೋರ ಮುಖ ಎಲ್ಲ ನೋಡ್ಕೊಂಡು ಬರ್ತೀನಿ. ಯಾವ್ದು ಚಂದ, ನೀನೇ ಹೇಳು.”

ಈ ಸುದ್ದಿ ಹೇಗೋ ಹರಡಿ, ತೀರ್ಥಹಳ್ಳಿ ಕಡೆ ಒಂದು ತೋಟದಲ್ಲಿ ಧ್ಯಾನ ಶಿಬಿರ ನಡೆಸುತ್ತಿದ್ದ ಮೇಡಂ ಒಬ್ಬರು ಕಾರಿನಲ್ಲಿ ಬಂದರು. ಜೊತೆಗೊಬ್ಬ ಗಡ್ಡದವನು. ಮೇಡಂ ಮೈಸೂರು ಕಡೆಯವರು, ಕೈಯಲ್ಲಿ ನೋಟುಬುಕ್ಕು.

“ನೀವು ಮಾಡ್ತಿರೋದು ಶಾಮನಿಕ್ ಜರ್ನಿ ಕಣ್ರೀ! ಹಿಮ ಬೀಳೋ ದೇಶದಲ್ಲಿ ಮಾಂತ್ರಿಕರು ಡೋಲು ಬಡ್ಕೊಂಡು ಹಿಂಗೇ ಹೋಗ್ತಾರೆ. ಆಸ್ಪತ್ರೇಲಿ ಆಗಿದ್ದು ಔಟ್ ಆಫ್ ಬಾಡಿ, ಸುಮ್ನೆ ಮೈಯಿಂದ ಆಚೆ ಬರೋದು. ಅದೇ ಬೇರೆ, ಇದೇ ಬೇರೆ” ಎಂದರು.

“ಅದನ್ನೇ ನಾನೂ ಇವನಿಗೆ ಹೇಳಿದ್ದು” ಎಂದಳು ಅಕ್ಕ.

“ನಿಮ್ಮನ್ನ ಕರ್ಕೊಂಡು ಹೋಗೋ ಪ್ರಾಣಿ ಯಾವ್ದು? ಕೆಲವರಿಗೆ ಹದ್ದು, ಕೆಲವರಿಗೆ ತೋಳ ಬರುತ್ತೆ.”

“ಎಮ್ಮೆ.”

ಮೇಡಂ ಪೆನ್ನು ನಿಂತಿತು. “ಕಾಡೆಮ್ಮೆನಾ?”

“ಅಲ್ಲ, ಮನೆ ಎಮ್ಮೆ. ಹಾಲು ಕಮ್ಮಿ ಕೊಡ್ತಿತ್ತು.”

ಮೇಡಂ ಬರೆದುಕೊಂಡರು. ಅಕ್ಕನನ್ನು ಶಿಬಿರಕ್ಕೆ ಕರೆದರು. ಗಿರಣಿ ಬಿಟ್ಟು ಬರಲಾಗುವುದಿಲ್ಲ ಎಂದು ಅಕ್ಕ ಎರಡು ಕೈಯಲ್ಲಿ ನಮಸ್ಕಾರ ಮಾಡಿದಳು. ಅಷ್ಟರಲ್ಲಿ ಗಡ್ಡದವನು ನನ್ನನ್ನು ಪಕ್ಕಕ್ಕೆ ಕರೆದು, “ಇದೆಲ್ಲ ಮಿದುಳಿನ ಆಟ ಇರಬಹುದು ಸಾರ್. ನೀವು ಒಂದ್ಸಲ ಗಿರಣಿ ನಿಲ್ಲಿಸಿ ನೋಡಿದ್ದೀರಾ?” ಎಂದು ಕೇಳಿದ.

ನನ್ನನ್ನು ಅದುವರೆಗೆ ಯಾರೂ ಸಾರ್ ಎಂದಿರಲಿಲ್ಲ.

ಆ ಮಾತು ತಿಂಗಳ ಕಾಲ ನನ್ನ ತಲೆಯಲ್ಲಿ ತಿರುಗಿತು. ಮಿದುಳಿನ ಬಗ್ಗೆ ನನಗೇನೂ ಗೊತ್ತಿಲ್ಲ. ನನಗಿದ್ದುದು ಹೊಟ್ಟೆಕಿಚ್ಚು. ಸವೆದ ಕಲ್ಲಿಗೆ ಕುಟ್ಟಿ ಹಲ್ಲು ಮೂಡಿಸುವವನು ನಾನು, ಬೆಲ್ಟು ಹೊಲಿಯುವವನು ನಾನು. ಬಂದವರೆಲ್ಲ ನನ್ನನ್ನು ದಾಟಿ ಮೂಲೆಗೆ ಹೋಗಿ “ಗುತ್ಯಮ್ಮಾ” ಎನ್ನುತ್ತಿದ್ದರು.

ಒಂದು ಬೆಳಗ್ಗೆ ಗಿರಿಜಕ್ಕ ಆರು ಸೇರು ಅಕ್ಕಿ ತಂದಳು. ಮಗಳಿಗೆ ದಿನ ತುಂಬಿತ್ತು, ಫೋನು ಸಿಗುತ್ತಿರಲಿಲ್ಲ. ಅಕ್ಕಿ ಸುರಿದು, ರೇಷನ್ ಅಂಗಡಿ ಬಾಗಿಲು ಹಾಕಿಯಾರು ಎಂದು ಓಡಿದಳು. ಅಕ್ಕ ಹೊರಟಳು. ಅಕ್ಕಿ ಅರ್ಧವಾಗುವ ತನಕ ಕಾದು, ಮೇಗರವಳ್ಳಿ ಮುಟ್ಟಿರಬೇಕು ಎಂದು ಲೆಕ್ಕ ಹಾಕಿ, ನಾನು ಸ್ವಿಚ್ಚು ಆರಿಸಿದೆ.

ಈಗ ಎದ್ದು ಕೂತು ಬೈಯುತ್ತಾಳೆ, ಆಗ ನಗಬೇಕು ಎಂದು ನಗುವನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೆ. ಅಕ್ಕ ಏಳಲಿಲ್ಲ. ಸೆರಗು ಸರಿದು, ತುಟಿಯ ಮೇಲೆ ನೊಣ ಕೂತು ಒಂದು ಸುತ್ತು ಹೊಡೆಯಿತು. ತುಟಿ ಅಲುಗಲಿಲ್ಲ. ಬಿದಿರುಕೋಲು ಕೈಗೆ ಸಿಗುವಲ್ಲೇ ಇತ್ತು. ಆದರೆ ಡಬ್ಬ ಬಡಿದರೆ ನಾನು ಸೋತಂತೆ. ಇನ್ನೈದು ನಿಮಿಷ, ಇನ್ನೈದು ನಿಮಿಷ ಎಂದು ಮುಕ್ಕಾಲು ಗಂಟೆ ಮಾಡಿದೆ. ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಮೇಲೆ ಕೋಲು ಎತ್ತಿಕೊಂಡರೆ ತಾಳವೇ ಬರಲಿಲ್ಲ. ಸ್ವಿಚ್ಚು ಹಾಕಿದೆ. ಉಳಿದ ಅಕ್ಕಿ ಮುಗಿಯಿತು, ಅಕ್ಕ ಬರಲಿಲ್ಲ. ಗಾಬರಿಯಲ್ಲಿ ಪಕ್ಕದಲ್ಲಿದ್ದ ಚೀಲ ಎತ್ತಿ ಸುರಿದೆ.

ಅದು ಲೈನ್‌ಮನ್ ಚೌಡಪ್ಪನ ವರ್ಷದ ಮೆಣಸಿನಕಾಯಿ.

ಮೆಣಸಿಗೆ ನಮ್ಮಲ್ಲಿ ಬೇರೆ ಮಿಷನ್ನೇ ಇದೆ. ಅಕ್ಕಿಯ ಕಲ್ಲಿಗೆ ಬಿದ್ದ ಮೆಣಸು ಕೆಂಪು ಹೊಗೆಯಾಗಿ ಎದ್ದಿತು. ರಸ್ತೆಯಲ್ಲಿ ಹೋಗುತ್ತಿದ್ದ ನಾಯಿ ಸೀನಿತು. ನಾನು ಸೀನಿದೆ. ಚೀಲಗಳ ಮೇಲಿಂದ ಇನ್ನೊಂದು ಸೀನು ಕೇಳಿತು. ಅಕ್ಕ ಒಂದೇ ಉಸಿರಿಗೆ ಏಳು ಸಲ ಸೀನಿ ಎದ್ದು ಕೂತಳು.

“ಎಂತ ಮಾಡ್ದೆ ಮಾರಾಯ?”

“ಕರೆಂಟ್ ಹೋಯ್ತಕ್ಕ.”

“ಡಬ್ಬ ಬಡೀಲಿಲ್ಲ?”

“ಫ್ಯೂಸ್ ನೋಡಕ್ಕೆ ಹೊರಗೆ ಹೋಗಿದ್ದೆ. ಕರೆಂಟ್ ಬಂತು, ಗಡಿಬಿಡೀಲಿ ಚೀಲ ತಪ್ಪಿತು.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು. ಮೆಣಸಿನದೇ ಇರಬೇಕು.

“ಗೌರಿ ಮೆಣಸಿನ ಘಾಟಿಗೆ ಹೆದರಿ, ಬಾಲ ಬಿಡಿಸ್ಕೊಂಡು ಓಡೋದ್ಲು. ಕಾಡು ಮಧ್ಯ. ನಡ್ಕೊಂಡು ಬಂದೆ.”

“ನಡ್ಕೊಂಡಾ?”

“ಹೂಂ. ಈ ಕಾಲಲ್ಲೇ.”

ಆಮೇಲೆ ಒಂದು ವಾರ ನಮ್ಮ ಸುತ್ತಮುತ್ತ ಖಾರದ ರೊಟ್ಟಿಯ ಕಾಲ. ಎಷ್ಟು ತೊಳೆದರೂ ಕಲ್ಲಿನಿಂದ ಮೆಣಸು ಬಿಡಲಿಲ್ಲ. ಮಕ್ಕಳು ರೊಟ್ಟಿ ತಿಂದು ಕೊಡಪಾನಕ್ಕೆ ಬಾಯಿ ಹಾಕುತ್ತಿದ್ದರು. ಗಿರಿಜಕ್ಕನ ಮಗಳು ಮೂರನೇ ದಿನ ಸುಖವಾಗಿ ಹೆತ್ತಳು. ಅದಕ್ಕೆ ಯಾರೂ ಹೋಗಿ ನೋಡಬೇಕಾಗಲಿಲ್ಲ.

ಅಕ್ಕ ಆಮೇಲೆ ಮೂರು ಸಲ ಮಲಗಿ ನೋಡಿದಳು. ಮೂರು ಸಲವೂ ಒಂದು ಸೇರು ಮುಗಿಯುವುದರೊಳಗೆ ಎದ್ದು, “ಕೊಟ್ಟಿಗೆ ಖಾಲಿ” ಎಂದಳು. ಬಂದವರಿಗೆ “ಈಗ ಎಲ್ರ ಹತ್ರ ಫೋನಿದೆಯಲ್ಲ” ಎಂದು ಹೇಳಿ ಕಳಿಸಿದಳು. ಮೇಗರವಳ್ಳಿಯ ತನಕ ಹೋಗುತ್ತಿದ್ದವಳು ಗಿರಣಿಯ ಮೂಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಗಿರಣಿಯ ಮೂಲೆಗೆ ಬಂದು ನಿಂತಳು. ಅವಳ ಬಸ್ಸು ಕೆಡಿಸಿದವನು ನಾನು.

ಬೈಸಿಕೊಂಡವನು ಮಾತ್ರ ಚೌಡಪ್ಪ. ಅವನು ಗಿರಣಿಗೆ ಕಾಲಿಟ್ಟರೆ ಸಾಕು, “ಬಂದ್ಯಾ? ನೀನು ಅವತ್ತು ಕರೆಂಟ್ ತೆಗೀದಿದ್ರೆ ನನ್ನ ಎಮ್ಮೆ ಓಡೋಗ್ತಿರ್ಲಿಲ್ಲ. ತೆಗ್ದೋರು ತೆಗ್ದೆ ಅಂತ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?” ಎಂದು ಅಕ್ಕ ಶುರು ಮಾಡುತ್ತಿದ್ದಳು. ಚೌಡಪ್ಪ ತಲೆ ಕೆರೆದುಕೊಂಡು, “ಹೌದಕ್ಕ, ತಪ್ಪಾಯ್ತಕ್ಕ” ಎನ್ನುತ್ತಿದ್ದ. ಬೈಯುವಾಗ ಅವಳ ಮುಖ ಚೌಡಪ್ಪನ ಕಡೆ ಇರುತ್ತಿರಲಿಲ್ಲ, ನನ್ನ ಕಡೆ ಇರುತ್ತಿತ್ತು. ಕಾಲಿನ ದೆಸೆಯಿಂದ ಓರೆಯಾಗಿ ಕೂರುತ್ತಾಳೆ ಎಂದು ನಾನು ತಿಳಿದಿದ್ದೆ. ಎಷ್ಟೋ ಸಲ ಬಾಯಿ ತೆರೆದೆ. ಅಷ್ಟರಲ್ಲಿ ಯಾರಾದರೂ ರಾಗಿ ತರುತ್ತಿದ್ದರು. ಯಾರೂ ತರದಿದ್ದಾಗ ನಾನೇ ಎದ್ದು ಕಸ ಗುಡಿಸುತ್ತಿದ್ದೆ. ಏಳೆಂಟು ವರ್ಷ ಹೀಗೇ ಗುಡಿಸಿದೆ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕ ಊಟ ಮಾಡಿ ಚೀಲಗಳ ಮೇಲೆ ಒರಗಿದಳು. “ತಮ್ಮ, ಸ್ವಲ್ಪ ಗಿರಣಿ ಹಾಕು. ಆ ಸದ್ದು ಕೇಳ್ಬೇಕು ಅನ್ನಿಸ್ತಿದೆ” ಎಂದಳು.

“ಕಾಳಿಲ್ಲ ಅಕ್ಕ. ಖಾಲಿ ತಿರುಗಿಸಿದ್ರೆ ಕಲ್ಲು ಹಾಳಾಗ್ತದೆ. ಯಾರಾದ್ರೂ ಬರ್ಲಿ.”

“ಆಯ್ತು ಬಿಡು” ಎಂದು ಸೆರಗು ಹಾಕಿಕೊಂಡಳು. ಮೂರು ಗಂಟೆಗೆ ಯಾರೋ ಅಕ್ಕಿ ತಂದರು. ನಾನು ಸ್ವಿಚ್ಚು ಹಾಕಿದೆ. ಅಷ್ಟರಲ್ಲಿ ಅವಳು ಹೊರಟಾಗಿತ್ತು.

ಅಕ್ಕನ ಕಾರ್ಯವೆಲ್ಲ ಮುಗಿದ ಮೇಲೆ ಚೌಡಪ್ಪ ಒಂದು ಕೈಚೀಲ ಮೆಣಸಿನಕಾಯಿ ಹಿಡಿದುಕೊಂಡು ಬಂದ. ಖಾಲಿ ಮೂಲೆ ನೋಡಿ, ಬೈಯುವವರು ಯಾರೂ ಇಲ್ಲದೆಯೂ ತಲೆ ಕೆರೆದುಕೊಂಡ. ನನಗೆ ತಡೆಯಲಾಗಲಿಲ್ಲ.

“ಚೌಡಪ್ಪ, ಅವತ್ತು ಕರೆಂಟ್ ಹೋಗಿರ್ಲಿಲ್ಲ. ಸ್ವಿಚ್ ಆರಿಸಿದ್ದು ನಾನು.”

“ನಂಗೊತ್ತಿಲ್ವ? ಅವತ್ತು ಲೈನಲ್ಲಿ ಎಲ್ಲೂ ಕರೆಂಟ್ ತೆಗ್ದಿರ್ಲಿಲ್ಲ. ಮಾರನೇ ದಿನನೇ ಅಕ್ಕಂಗೆ ಹೇಳಿದ್ದೆ.”

“ಅಕ್ಕಂಗಾ?”

“ಹೂಂ. ‘ಗೊತ್ತು ಮಾರಾಯ, ಅಲ್ಲಿ ತನಕ ಸ್ವಿಚ್ಚಿನ ಸದ್ದು ಕೇಳ್ತು. ನೀನು ಬೇಜಾರು ಮಾಡ್ಕಬೇಡ, ನಿಂಗೆ ಬೈತಾ ಇರ್ತೀನಿ. ಅವನು ಒಂದಲ್ಲ ಒಂದಿನ ಬಾಯಿ ಬಿಡ್ತಾನೆ’ ಅಂದಿದ್ರು. ನಾನೂ ಕಾದೆ ನೋಡಿ. ನೀವು ಬಾಯಿ ಬಿಡಕ್ಕೆ ಇಷ್ಟು ವರ್ಷ ತಗೋತೀರಿ ಅಂತ ಗೊತ್ತಿದ್ರೆ ನಾನು ಟೌನಿನ ಗಿರಣಿಗೆ ಹೋಗ್ತಿದ್ದೆ.”

ಚೌಡಪ್ಪ ಹೋದ. ಸ್ವಿಚ್ಚಿನ ಸದ್ದು ಅವಳಿಗೆ ಕೇಳಿದ್ದು ಮೇಗರವಳ್ಳಿಯಲ್ಲೋ, ಈ ಚೀಲಗಳ ಮೇಲೋ? ಕೇಳೋಣವೆಂದರೆ ಅವಳಿಲ್ಲ. ಎಲ್ಲಿ ಕೇಳಿದ್ದರೂ ನನಗೆ ಬೈಯದೆ ಇದ್ದವಳು ಅವಳೇ.

ಮನೆಯೊಳಗಿಂದ ಅಕ್ಕಿ ತಂದು ಸುರಿದು ಸ್ವಿಚ್ಚು ಹಾಕಿದೆ. ಪಟ್, ಪಟ್, ಪಟ್. ಚೀಲಗಳ ಕಡೆ ತಿರುಗಿ, ಹೇಳಬೇಕಾದ್ದನ್ನು ಗಟ್ಟಿಯಾಗಿಯೇ ಹೇಳಿದೆ. ಹೇಳಿ ಮುಗಿಸಿದರೂ ಗಿರಣಿ ನಿಲ್ಲಿಸಲು ಕೈ ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಇಣುಕಿದಳು.

“ಯಾರ ಅಕ್ಕಿ ಇದು?”

“ಅಕ್ಕಂದು.”

ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ, ಇನ್ನೊಂದು ಮೊರ ಅಕ್ಕಿ ತಂದಳು.

“ಎಷ್ಟು ಸೇರು ಹಾಕ್ಬೇಕು?”

ಅಕ್ಕ ಹೋದ ಆ ಊರಿಗೆ ಎಷ್ಟು ಎಂದು ಅವಳು ಹೇಳಿರಲಿಲ್ಲ.

“ಹಾಕ್ತಾ ಇರು” ಎಂದೆ.